ಟೊಮೆಟೊ ತೋಟಕ್ಕೆ ಯೂರಿಯಾ ಹೆಚ್ಚಾದ ಬಗೆ

ಕೋಲಾರದ ಟೊಮೆಟೊ ಬೆಳೆಗಾರರಿಗೆ ಯೂರಿಯಾ ತಗ್ಗಿಸಿ ಎಂಬ ಸಲಹೆ ಹೊಸದಲ್ಲ. ಆದರೆ ಗೊಬ್ಬರದ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಅದೇ ಯೂರಿಯಾ. ಈ ಎಳೆದಾಟ ಅರ್ಥವಾಗಬೇಕಾದರೆ ದರದ ಇತಿಹಾಸ ನೋಡಬೇಕು.

ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ, ಕೆರೆಗೋಡು ನಂಬಿದ್ದ ಬಯಲುಸೀಮೆಗೆ ಕೊಳವೆಬಾವಿ, ಹೈಬ್ರಿಡ್ ಬೀಜ, ಚೀಲದ ಗೊಬ್ಬರ ಒಂದರ ಹಿಂದೆ ಒಂದು ಬಂದವು. ಮಂಗಳೂರು ಬಳಿಯ ಪಣಂಬೂರಿನ ಗೊಬ್ಬರ ಕಾರ್ಖಾನೆ 1976ರಲ್ಲಿ ಯೂರಿಯಾ ತಯಾರಿಸತೊಡಗಿತು. 1992ರ ಆಗಸ್ಟ್‌ನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ಹೋಯಿತು. ಯೂರಿಯಾ ಮಾತ್ರ ನಿಯಂತ್ರಣದಲ್ಲೇ ಉಳಿಯಿತು, ಬೆಲೆಯೂ ಶೇ 10ರಷ್ಟು ಇಳಿಯಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ, ಅಂದರೆ ಗೊಬ್ಬರದಲ್ಲಿರುವ ಪೋಷಕಾಂಶದ ಲೆಕ್ಕದಲ್ಲಿ ಕೊಡುವ ಸಹಾಯಧನ, ಜಾರಿಯಾದಾಗಲೂ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಮುಂದೆ ಡಿಎಪಿ (ರಂಜಕದ ಮುಖ್ಯ ಗೊಬ್ಬರ), ಪೊಟ್ಯಾಷ್ ದರಗಳು ಏರಿದವು. ಯೂರಿಯಾ ದರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು: ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟರೆ 45 ಕೆ.ಜಿ. ಚೀಲಕ್ಕೆ 242 ರೂಪಾಯಿ. ಸಾಲ ತಂದು ಬೆಳೆ ಇಡುವ ರೈತರು ಯಾವ ಚೀಲ ಹೊತ್ತೊಯ್ಯುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಟೊಮೆಟೊಗೆ ಈ ಅಗ್ಗ ದುಬಾರಿಯಾಯಿತು. ನಾಟಿಯ ನಂತರ ಗಿಡ ಮೇಲೇಳಲು ಯೂರಿಯಾ ಕೊಡುವ ಸಾರಜನಕ ಬೇಕೇ ಬೇಕು. ಕಾಯಿ ಕಟ್ಟತೊಡಗಿದ ಮೇಲೆ ಪೊಟ್ಯಾಷ್‌ನ ಬೇಡಿಕೆ ಏರುತ್ತದೆ. ಹಣ್ಣಿನ ಬಣ್ಣ, ಗಟ್ಟಿತನ ಎರಡೂ ಅದನ್ನು ಅವಲಂಬಿಸಿವೆ. ಆ ಹಂತದಲ್ಲೂ ಮೇಲುಗೊಬ್ಬರವೆಂದರೆ ಯೂರಿಯಾ ಎಂದುಕೊಂಡರೆ ಎಲೆ ಸೊಕ್ಕುತ್ತದೆ, ಕಾಯಿ ಮಾಗುವುದು ತಡವಾಗುತ್ತದೆ, ಹಣ್ಣು ಮೆತ್ತಗಾಗುತ್ತದೆ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ; ಆ ರೂಪದ ಸಾರಜನಕ ಮಿತಿಮೀರಿದರೆ ಕ್ಯಾಲ್ಸಿಯಂ ಹೀರಿಕೆ ಕುಗ್ಗಿ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಎಳೆ ಎಲೆಗೆ ರಸ ಹೀರುವ ಕೀಟಗಳೂ ಮುತ್ತುತ್ತವೆ. ಕಡುಹಸಿರು ತೋಟ ಕಂಡು ಹೆಮ್ಮೆಪಡುವ ರೈತರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸು ಬಾರದು. ಆದರೆ ಕೋಲಾರದ ಹಣ್ಣು ಬಾಕ್ಸುಗಳಲ್ಲಿ, ಲಾರಿಗಳಲ್ಲಿ ಹೊರರಾಜ್ಯಗಳಿಗೆ ಹೋಗಬೇಕು. ಮೆತ್ತಗಿನ ಹಣ್ಣಿಗೆ ಮಂಡಿಯಲ್ಲಿ ಯಾರೂ ಒಳ್ಳೆಯ ದರ ಕೂಗುವುದಿಲ್ಲ.

2015ರಲ್ಲಿ ದೇಶದ ಯೂರಿಯಾಕ್ಕೆಲ್ಲ, ಸಾರಜನಕ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಬೇವಿನ ಲೇಪನ ಕಡ್ಡಾಯವಾಯಿತು. ಹನಿ ನೀರಾವರಿ ಇದ್ದಲ್ಲಿ ರಸಾವರಿಯ ಮೂಲಕ, ಅಂದರೆ ಹನಿ ನೀರಿನಲ್ಲೇ ಕರಗಿಸಿ, ಸ್ವಲ್ಪಸ್ವಲ್ಪವೇ ಗೊಬ್ಬರ ಕೊಡುವುದೂ ಸಾಧ್ಯವಾಯಿತು. ಇವೆರಡೂ ನಿಜವಾದ ಸುಧಾರಣೆಗಳು.

ಲೆಕ್ಕಕ್ಕೇ ಬಾರದೆ ಉಳಿದದ್ದು ನೀರು. ಬೆಳೆಗೆ ದಕ್ಕದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ, ಕೊಳವೆಬಾವಿಯಿಂದ ಮತ್ತೆ ಹೊಲಕ್ಕೆ ಬರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆ ಮಿತಿಯಷ್ಟೇ ಇರುವ ನೀರನ್ನು 10 ಲಕ್ಷ ಲೀಟರ್ ಹಾಯಿಸಿದರೆ ಸುಮಾರು 10 ಕೆ.ಜಿ. ಸಾರಜನಕ, ಅಂದರೆ ಅರ್ಧ ಚೀಲ ಯೂರಿಯಾ, ಪುಕ್ಕಟೆಯಾಗಿ ಗಿಡದ ಬುಡ ಸೇರುತ್ತದೆ. 2015ರಿಂದ ರೈತರ ಕೈಗೆ ಬಂದಿರುವ ಮಣ್ಣು ಆರೋಗ್ಯ ಚೀಟಿ ಮಣ್ಣಿನ 12 ಅಂಶಗಳನ್ನು ಹೇಳುತ್ತದೆ. ಬಾವಿಯ ನೀರಿನ ನೈಟ್ರೇಟ್ ಅದರಲ್ಲಿಲ್ಲ.