ಸೆಕ್ಷನ್ 185 ಒಂದನ್ನೇ ಓದಿದರೆ ಸಾಲದು: ಹಬ್ಬದ ರಾತ್ರಿಯ ನಾಕಾಬಂದಿ ಮತ್ತು ಚಾಲಕರ ಹಕ್ಕು

ಮುಂಬೈಯಲ್ಲಿ ಸಂಜೆ ಕಾಲೇಜಿಗೆ ಹೋಗಿ ಕಾನೂನು ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ, ಕುಡಿದು ಗಾಡಿ ಓಡಿಸುವುದರ ಕಾನೂನಿನ ಬಗ್ಗೆ ಈ ಟಿಪ್ಪಣಿ. ನಮ್ಮಲ್ಲಿ ಕೆಲವರು ಹಗಲೆಲ್ಲ ಗಾಡಿ ಓಡಿಸಿ ಕ್ಲಾಸಿಗೆ ಬರುವವರು. ಅವರಿಗೆ ಇದು ಪರೀಕ್ಷೆಗಿಂತ ಮೊದಲು ರಸ್ತೆಯಲ್ಲೇ ಬೇಕಾಗುತ್ತದೆ.

ಹೋಳಿ, ಡಿಸೆಂಬರ್ 31, ಗಟಾರಿ. ಇಲ್ಲಿ ಕುಡಿತ ಜಾಸ್ತಿ ಇರುವ ರಾತ್ರಿಗಳಿವು. ನಮ್ಮ ಮನೆಗಳಲ್ಲಿ ಭೀಮನ ಅಮಾವಾಸ್ಯೆ ಅಂತ ದೀಪ ಹಚ್ಚುವ ದಿನವೇ ಇಲ್ಲಿ ಗಟಾರಿ, ಶ್ರಾವಣ ಹಿಡಿಯುವ ಮುಂಚಿನ ದಿನ. ಆದರೆ ಹಬ್ಬಕ್ಕೆ ಅಂತ ಬೇರೆ ಕಾನೂನು ಇಲ್ಲ. ಉಳಿದ ದಿನಗಳ 1988ರ ಮೋಟಾರು ವಾಹನ ಕಾಯ್ದೆಯೇ ಅವತ್ತೂ.

ಸೆಕ್ಷನ್ 185 ಎಲ್ಲರಿಗೂ ಬಾಯಿಪಾಠ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. 'ಮೀರಿ' ಅನ್ನುವ ಪದ ಮರೆಯಬೇಡಿ, ಸರಿಯಾಗಿ 30 ಇದ್ದರೆ ಅಪರಾಧವಲ್ಲ. ಓಡಿಸುವುದಷ್ಟೇ ಅಲ್ಲ, ಓಡಿಸಲು ಹೊರಟರೂ ಸಾಕು. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ದಂಡ, ಇಲ್ಲವೇ ಎರಡೂ. ಹಳೇ ಗೈಡಿನಲ್ಲಿ 2,000 ಅಂತ ಇದ್ದರೆ ಅದು 2019ರ ತಿದ್ದುಪಡಿಗಿಂತ ಹಿಂದಿನದು.

ಈ ಕೇಸನ್ನು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ. ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿ ಸೆಕ್ಷನ್ 200ರಲ್ಲಿದೆ, ಅದರಲ್ಲಿ 185 ಇಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಲೇಬೇಕು. 'ಇಲ್ಲೇ ಇಷ್ಟು ಕೊಟ್ಟು ಹೋಗು' ಅಂತ ಯಾರಾದರೂ ಅಂದರೆ ಆ ದುಡ್ಡಿಗೆ ಕಾನೂನಿನಲ್ಲಿ ದಂಡ ಅನ್ನುವ ಹೆಸರಿಲ್ಲ.

ಚಾಲಕರ ಹಕ್ಕು ಇರುವುದು 202ರಿಂದ 206ರವರೆಗಿನ ಸೆಕ್ಷನ್‌ಗಳಲ್ಲಿ. ನಾವು ಓದದೆ ಬಿಡುವ ಪುಟಗಳೂ ಅವೇ.

203ರ ಪ್ರಕಾರ ಉಸಿರಿನ ಆಲ್ಕೋಹಾಲ್ ಅಳೆಯುವ ಯಂತ್ರಕ್ಕೆ ಊದಿಸುವ ಪೊಲೀಸರು ಸಮವಸ್ತ್ರದಲ್ಲಿರಬೇಕು, ಕುಡಿದಿದ್ದಾನೆ ಅನ್ನುವ ಅನುಮಾನಕ್ಕೆ ತಕ್ಕ ಕಾರಣವೂ ಇರಬೇಕು. ಉಸಿರಿನ ಮಾದರಿ 'ಒಂದು ಅಥವಾ ಹೆಚ್ಚು' ಅಂತ ಕಾಯ್ದೆಯೇ ಹೇಳುತ್ತದೆ. ಇದರ ಬೆಲೆ ನನಗೆ ಗೊತ್ತಾಗಿದ್ದು ನಮ್ಮ ಭಾವನಿಂದ. ಠಾಣೆ ನಗರದಲ್ಲಿ ಟೆಂಪೊ ಓಡಿಸುತ್ತಾರೆ, ಕುಡಿಯುವವರಲ್ಲ. ಹೋಳಿ ರಾತ್ರಿ ಘೋಡ್‌ಬಂದರ್ ರಸ್ತೆಯಲ್ಲಿ ತಡೆದರು. ಹಲ್ಲುನೋವಿಗೆ ಹೋಮಿಯೋಪತಿ ಹನಿ ಹಾಕಿಕೊಂಡು ಐದು ನಿಮಿಷವೂ ಆಗಿರಲಿಲ್ಲ. ಹೊಸ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಊದಿಸಿದರು. 46 ಬಂತು. ಭಾವ ಜೇಬಿನಿಂದ ಔಷಧಿ ಶೀಶೆ ತೆಗೆದು ತೋರಿಸಿ, "ಸಾಹೇಬ್, ಪುನ್ಹಾ ಏಕದಾ ಘ್ಯಾ" ಅಂದರು, ಇನ್ನೊಂದು ಸಲ ತಗೊಳ್ಳಿ ಅಂತ. ಪಿಎಸ್‌ಐ ನೀರು ಕುಡಿಸಿ, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಸೊನ್ನೆ. ಆ ಹನಿಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಸ್ವಲ್ಪ ಹೊತ್ತು ಬಾಯಲ್ಲೇ ಉಳಿಯುತ್ತದೆ. ಯಂತ್ರ ಅಳೆಯಬೇಕಾಗಿದ್ದು ಶ್ವಾಸಕೋಶದಿಂದ ಬರುವ ಗಾಳಿಯನ್ನು. ಕೆಲವು ಮೌತ್‌ವಾಶ್‌ಗಳದ್ದೂ ಇದೇ ಕತೆ.

ಹಾಗಂತ 'ಊದಲ್ಲ' ಅನ್ನುವುದು ಹಕ್ಕಲ್ಲ. ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ಅನುಮಾನ ಇದ್ದು ಊದದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಪೊಲೀಸ್ ಠಾಣೆಯಲ್ಲಿ ಪರೀಕ್ಷೆಗೆ ರಕ್ತ ಕೇಳಬಹುದು. ತಕ್ಕ ಕಾರಣ ಕೊಡದಿದ್ದರೆ ಆ ನಿರಾಕರಣೆಯೇ ನಿಮ್ಮ ವಿರುದ್ಧ ನಿಲ್ಲುತ್ತದೆ, ಅದು ಸೆಕ್ಷನ್ 205.

ಇನ್ನು ಸೆಕ್ಷನ್ 202, ನನ್ನ ಪ್ರಕಾರ ಈ ಪಾಠದ ಜೀವ. 185ರಡಿ ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು. ಆಗದಿದ್ದರೆ ಬಿಡಬೇಕು. ಹಬ್ಬದ ರಾತ್ರಿ ಆಸ್ಪತ್ರೆಯಲ್ಲಿ ಸಾಲು ಇತ್ತು ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೇ ಬಂಧನದ ಸಮಯವನ್ನು ಬರೆದಿಟ್ಟುಕೊಳ್ಳಿ, ಮನೆಯವರಿಗೂ ಹೇಳಿ. ಆದರೆ ಬಿಡುವುದು ಅಂದರೆ ಕಸ್ಟಡಿಯಿಂದ ಬಿಡುವುದು, ಕೇಸು ಬಿದ್ದುಹೋಯಿತು ಅಂತಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿ ಬರೆದರೆ ಅಂಕ ಹೋಗುತ್ತದೆ.

ಬಾಯಿ ವಾಸನೆ ಬಂದ ಮಾತ್ರಕ್ಕೆ ಕುಡಿದ ಅಮಲಿನಲ್ಲಿದ್ದ ಅಂತ ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ, ಅದೂ ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ, ಹೇಳಿದೆ. ತೂರಾಡುವ ನಡಿಗೆಗೂ ಅದೇ ಮಾತು. ರಕ್ತಪರೀಕ್ಷೆ ಮಾಡಿಸದೇ ಇದ್ದದ್ದು ಅಲ್ಲಿ ದೊಡ್ಡ ಕೊರತೆಯಾಯಿತು.

ಉಳಿದ ಹಕ್ಕುಗಳು ಎಲ್ಲ ಬಂಧನಕ್ಕೂ ಇರುವಂಥವೇ. ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. 2024ರ ಜುಲೈ 1ರಿಂದ ಇವು ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. 185 ಜಾಮೀನು ಸಿಗುವ ಅಪರಾಧ. ಮಹಿಳೆಯ ರಕ್ತ ತೆಗೆಯುವ ವೈದ್ಯ ಗಂಡಸಾದರೆ ಪಕ್ಕದಲ್ಲಿ ಇನ್ನೊಬ್ಬ ಮಹಿಳೆ ಇರಲೇಬೇಕು. ಸೂರ್ಯ ಮುಳುಗಿದ ಮೇಲೆ ಮಹಿಳೆಯ ಬಂಧನ ತೀರಾ ಅಪರೂಪದ ಸಂದರ್ಭಕ್ಕೆ ಮಾತ್ರ, ಅದಕ್ಕೂ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಬೇಕು.

ಲೈಸೆನ್ಸ್ ತೆಗೆದುಕೊಂಡರೆ ರಸೀದಿ ಕೇಳಿ ಪಡೆಯಿರಿ. ಆದರೆ ಈ ರಸೀದಿ ತೋರಿಸಿ ಮರುದಿನ ಗಾಡಿ ಓಡಿಸುವ ಹಾಗಿಲ್ಲ. 2019ರಲ್ಲಿ ಸೇರಿದ 206(4) ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಟ್ಯಾಕ್ಸಿ ನಂಬಿ ಮನೆ ನಡೆಸುವವರಿಗೆ 10,000ಕ್ಕಿಂತ ದೊಡ್ಡ ಪೆಟ್ಟು ಇದೇ. ಗಾಡಿಯ ವಿಷಯಕ್ಕೆ, 2021ರಲ್ಲಿ ತೆಲಂಗಾಣ ಹೈಕೋರ್ಟ್ ಒಳ್ಳೆಯ ಆದೇಶ ಕೊಟ್ಟಿದೆ: ಕುಡಿಯದ, ಲೈಸೆನ್ಸ್ ಇರುವ ಜೊತೆಗಾರನ ಕೈಗೆ ಗಾಡಿ ಕೊಟ್ಟು ಕಳಿಸಬೇಕು. ಮುಂಬೈಗೆ ಅದು ಕಡ್ಡಾಯವಲ್ಲ, ವಾದಕ್ಕೆ ಆಧಾರ ಅಷ್ಟೆ. ಕುಡಿದವನಿಗೆ ಗಾಡಿ ಓಡಿಸು ಅಂತ ಪ್ರಚೋದನೆ ಕೊಟ್ಟವರಿಗೂ ಅದೇ ಶಿಕ್ಷೆ ಅನ್ನುತ್ತದೆ ಸೆಕ್ಷನ್ 188.

ಕೊನೆಗೊಂದು ಲೆಕ್ಕ, ಬೆಳಗಿನ ಜಾವ ಏರ್‌ಪೋರ್ಟ್ ಟ್ರಿಪ್ ಇರುವವರಿಗೆ. ದೇಹ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ ಆಲ್ಕೋಹಾಲ್ ಇಳಿಸುತ್ತದೆ, ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಮ್ಮಿ. ಚಹಾ, ನಿಂಬೆರಸ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ರಾತ್ರಿ 1ಕ್ಕೆ 90 ಇದ್ದವರಿಗೆ 4ಕ್ಕೆ ಎದ್ದು ಮುಖ ತೊಳೆದು ಗಾಡಿ ಹತ್ತುವಾಗ ಇನ್ನೂ 45 ಇರುತ್ತದೆ.