ಮಕ್ಕಳ ನ್ಯುಮೋನಿಯಾ: ಮೊದಲು ಉಸಿರು ಎಣಿಸಿ

ಶ್ವಾಸನಾಳ, ಅದರ ಕವಲುಗಳು, ಶ್ವಾಸಕೋಶ. ಇಲ್ಲಿ ತಗಲುವ ಸೋಂಕೇ ಕೆಳ ಉಸಿರಾಟದ ಸೋಂಕು. ಅದು ಶ್ವಾಸಕೋಶಕ್ಕೇ ತಗಲಿದರೆ ನ್ಯುಮೋನಿಯಾ. ವ್ಯಾಖ್ಯೆ ಇಷ್ಟೇ. ಕಷ್ಟ ಇರುವುದು ಮಗುವನ್ನು ನೋಡಿ ಗುರುತಿಸುವುದರಲ್ಲಿ.

ತಾಯಂದಿರು 'ತುಂಬಾ ಕೆಮ್ಮು, ಕಫ ಕಟ್ಟಿದೆ' ಎಂದು ಬರುತ್ತಾರೆ. ನಮ್ಮ ಗಮನವೂ ಕೆಮ್ಮಿನ ಮೇಲೇ ಹೋಗುತ್ತದೆ. ಆದರೆ ಕೆಮ್ಮು ನೆಗಡಿಯಲ್ಲೂ ಇರುತ್ತದೆ ಅಲ್ವಾ? ನ್ಯುಮೋನಿಯಾದ ಸುಳಿವು ಉಸಿರಿನ ವೇಗದಲ್ಲಿದೆ. ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿದಾಗ ಶ್ವಾಸಕೋಶ ಬಿಗಿಯಾಗುತ್ತದೆ. ದೊಡ್ಡ ಉಸಿರು ಎಳೆಯಲಾಗದೆ ಮಗು ಚಿಕ್ಕ ಚಿಕ್ಕ ಉಸಿರು ಬೇಗ ಬೇಗ ತೆಗೆದುಕೊಳ್ಳುತ್ತದೆ.

ಉಸಿರು ಎಷ್ಟಾದರೆ ವೇಗ? ಈ ಅಂಕಿಗಳು ಬಾಯಿಪಾಠ ಆಗಲೇಬೇಕು. 2 ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ರಿಂದ 12 ತಿಂಗಳಿಗೆ 50, 1 ರಿಂದ 5 ವರ್ಷಕ್ಕೆ 40. ಮಗು ಅಳುತ್ತಿರಬಾರದು. ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಮೊದಮೊದಲು ನಾನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುತ್ತಿದ್ದೆ. ಅದು ತಪ್ಪು. ಎಳೆಗೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಅವುಗಳಲ್ಲಿ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಬೇಕು.

ಅಂಗಿ ಎತ್ತಿದಾಗಲೇ ಎದೆಯನ್ನೂ ನೋಡಿ. ಉಸಿರು ಎಳೆದಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಹೋದರೆ ಮಗು ಉಸಿರಿಗಾಗಿ ಒದ್ದಾಡುತ್ತಿದೆ ಎಂದರ್ಥ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ರಕ್ತದ ಆಕ್ಸಿಜನ್ ಮಟ್ಟ ಶೇ. 90ಕ್ಕಿಂತ ಕೆಳಗಿಳಿದರೆ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಬೇಕು. 2 ತಿಂಗಳೊಳಗಿನ ಕೂಸಿಗೆ ವೇಗದ ಉಸಿರಿದ್ದರೂ ಸಾಕು, ಮನೆಯಲ್ಲಿಟ್ಟು ನೋಡೋಣ ಅನ್ನಬೇಡಿ.

ಈ ಅಪಾಯದ ಲಕ್ಷಣಗಳಿಲ್ಲದ, 2 ತಿಂಗಳು ದಾಟಿದ ಮಗುವಿಗೆ ಮೊದಲ ಆಯ್ಕೆ ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್. ಡೋಸ್ ತೂಕ ನೋಡಿ ವೈದ್ಯರು ಬರೆಯುತ್ತಾರೆ. ಜ್ವರ ಇಳಿಯಿತು ಎಂದು ಮಧ್ಯೆ ನಿಲ್ಲಿಸಬಾರದು, ಇದನ್ನು ತಾಯಿಗೆ ಎರಡು ಸಲ ಹೇಳಿ.

ಇದು ನ್ಯುಮೋನಿಯಾನೋ ಬೇರೆಯೋ ಎಂಬ ಗೊಂದಲ ಜಾಸ್ತಿ ಜನಕ್ಕಿದೆ. 2 ವರ್ಷದೊಳಗಿನ ಮಗುವಿಗೆ ನೆಗಡಿ ಹಿಂದೆಯೇ ಸುಯ್ ಸುಯ್ ಸದ್ದು, ಏದುಸಿರು ಬಂದರೆ ಬ್ರಾಂಕಿಯೊಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಕವಲುನಾಳಗಳ ಊತ ಇರಬಹುದು. ಹೆಚ್ಚಾಗಿ ಆರ್‌ಎಸ್‌ವಿ ವೈರಸ್‌ನಿಂದ ಬರುತ್ತದೆ. ಸುಮ್ನೆ ಆಂಟಿಬಯಾಟಿಕ್ ಕೊಟ್ಟರೆ ವೈರಸ್ ಸಾಯುವುದಿಲ್ಲ. ಮೂಗು ಸ್ವಚ್ಛ ಮಾಡಿ, ಸ್ವಲ್ಪ ಸ್ವಲ್ಪವೇ ಹಾಲು ಕುಡಿಸುತ್ತಿರಿ, ಬೇಕಾದರೆ ಆಕ್ಸಿಜನ್ ಕೊಡಬೇಕು.

ಕೊನೆಗೆ ಲಸಿಕೆ ಬರೆದಿರುವ ತಾಯಿ ಕಾರ್ಡ್ ಕೇಳಿ ನೋಡಿ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆ 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಒಂದು ಡೋಸ್ ತಪ್ಪಿದ್ದರೆ ಮುಂದಿನ ಲಸಿಕೆ ದಿನ ಯಾವುದೆಂದು ಅಲ್ಲೇ ಬರೆದುಕೊಡಿ.