ಫಾರ್ಮ್ಯಾಟ್ ಹೊಡೆದರೆ ಲಾಕ್ ಹೋಗುವುದಿಲ್ಲ

"ಬಾಕ್ಸ್ ಇಲ್ಲ, ಬಿಲ್ ಇಲ್ಲ, ಆದರೆ ಕಂಡೀಷನ್ ಚೆನ್ನಾಗಿದೆ ಸರ್. ಸುಮ್ನೆ ಒಂದು ಸಲ ಫಾರ್ಮ್ಯಾಟ್ ಹೊಡೆದು ಕೊಡಿ, ಸಾಕು."

ಲ್ಯಾಪ್‌ಟಾಪ್ ರಿಪೇರಿ ಮಾಡುವ ಯಾರನ್ನೇ ಕೇಳಿ, ಈ ಮಾತು ಅವರ ಕಿವಿಗೆ ಎಷ್ಟು ಸಲ ಬಿದ್ದಿದೆ ಅಂತ ಹೇಳುತ್ತಾರೆ. ನನಗೂ ಬೀಳುತ್ತಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು, ದುಡ್ಡೆಲ್ಲಾ ಕೊಟ್ಟು ಮುಗಿಸಿ, ಆಮೇಲೆ ನನ್ನ ಹತ್ತಿರ ಬರುತ್ತಾರೆ. ತಗೊಳ್ಳುವ ಮೊದಲೇ ಬಂದಿದ್ದರೆ ಒಂದು ಗಂಟೆಯಲ್ಲಿ ಎಲ್ಲಾ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಬಂದರೆ ಕೆಲವೊಮ್ಮೆ ನನ್ನ ಕೈಯಲ್ಲೂ ಏನೂ ಆಗುವುದಿಲ್ಲ. ಅದನ್ನು ಅವರ ಮುಖ ನೋಡಿಕೊಂಡು ಹೇಳಬೇಕಲ್ಲ, ಅದೇ ಬೇಜಾರು.

ಒಂದು ಸಲ ಒಬ್ಬಳು ಹುಡುಗಿ ಬಂದಿದ್ದಳು. ಕಾಲೇಜಿನ ಕೊನೆಯ ವರ್ಷ, ಪ್ರಾಜೆಕ್ಟ್ ಕೊಡುವುದಕ್ಕೆ ಒಂದೇ ತಿಂಗಳು ಬಾಕಿ. ಲ್ಯಾಪ್‌ಟಾಪ್ ತಗೊಂಡು ಎರಡು ತಿಂಗಳಾಗಿತ್ತು, ಚೆನ್ನಾಗೇ ನಡೆಯುತ್ತಿತ್ತು. ಸ್ವಲ್ಪ ಸ್ಲೋ ಆಯಿತು ಅಂತ ಅವಳೇ ರೀಸೆಟ್ ಮಾಡಿದ್ದಾಳೆ. ಮತ್ತೆ ಆನ್ ಆಗಿ ವೈಫೈ ಸಿಕ್ಕಿದ್ದೇ ತಡ, ಪರದೆ ಮೇಲೆ ಯಾವುದೋ ಕಂಪನಿಯ ಹೆಸರು, ಅದರ ಲೋಗೋ, ಕೆಳಗೆ ಆಫೀಸಿನ ಇಮೇಲ್ ಹಾಕಿ ಅಂತ ಒಂದು ಖಾಲಿ ಜಾಗ. ಆ ಕಂಪನಿಯ ಹೆಸರನ್ನೇ ಅವಳು ಕೇಳಿರಲಿಲ್ಲ. "ವೈರಸ್ ಬಂದಿದೆ ಅನ್ಸುತ್ತೆ ಸರ್, ಫಾರ್ಮ್ಯಾಟ್ ಮಾಡಿ" ಅಂದಳು.

ವೈರಸ್ ಏನೂ ಇರಲಿಲ್ಲ. ಆ ಲ್ಯಾಪ್‌ಟಾಪ್ ಇನ್ನೂ ಆ ಕಂಪನಿಯ ಲೆಕ್ಕದಲ್ಲೇ ಇತ್ತು.

ಮೊದಲು ಬಾಕ್ಸ್ ವಿಷಯ ಮುಗಿಸಿಬಿಡುತ್ತೇನೆ. ಬಾಕ್ಸ್ ಇಲ್ಲ ಅಂತ ಹೆದರಬೇಡಿ. ಎಷ್ಟೋ ಜನ ಒಂದು ವರ್ಷ ಇಟ್ಟುಕೊಂಡು ಆಮೇಲೆ ರದ್ದಿಗೆ ಹಾಕುತ್ತಾರೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಲಾಟ್‌ನಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಂತೂ ಬಾಕ್ಸ್ ಜೊತೆ ಬರುವುದೇ ಇಲ್ಲ, ಅವುಗಳಲ್ಲಿ ಎಷ್ಟೋ ಗಟ್ಟಿಮುಟ್ಟಾದ ಒಳ್ಳೆಯ ಮಾಲು. ಇನ್ನೊಂದು ಕಡೆ, ಬಾಕ್ಸ್ ಇದೆ ಅಂತ ನಂಬಲೂಬೇಡಿ. ಒಬ್ಬರು ಬಾಕ್ಸ್, ಥರ್ಮಾಕೋಲು, ಪ್ಲಾಸ್ಟಿಕ್ ಕವರ್ ಸಮೇತ ತಂದಿದ್ದರು. ಬಾಕ್ಸಿನ ಚೀಟಿಯ ಮೇಲಿದ್ದ ಸೀರಿಯಲ್ ನಂಬರೇ ಬೇರೆ, ಲ್ಯಾಪ್‌ಟಾಪ್ ಅಡಿಯಲ್ಲಿದ್ದ ನಂಬರೇ ಬೇರೆ. ಮಾಡೆಲ್ ಮಾತ್ರ ಒಂದೇ. ತಗೊಳ್ಳುವಾಗ ಅವರು ಆ ಎರಡು ನಂಬರನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಈಗ ನಾನು ಹೇಳಬೇಕಾದ ಒಂದೇ ಒಂದು ಮಾತು. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸುವುದು. ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ, ಅದರಲ್ಲಿರುವ ಫೈಲುಗಳು, ವಿಂಡೋಸ್, ಹಳೆಯ ಬಳಕೆದಾರರ ಫೋಟೋ, ಇಷ್ಟೇ ಹೋಗುವುದು. ಲಾಕ್ ಇರುವುದು ಡಿಸ್ಕಿನಲ್ಲಿ ಅಲ್ಲ. ಒಂದು ಮನೆ ತಗೊಂಡಿರಿ ಅಂದುಕೊಳ್ಳಿ. ಒಳಗಿನ ಸಾಮಾನೆಲ್ಲಾ ಹೊರಗೆ ಹಾಕಿ, ಗುಡಿಸಿ, ಸುಣ್ಣ ಬಳಿದು ಹೊಸದರ ಥರ ಮಾಡಿದಿರಿ. ಮನೆ ಪತ್ರ ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಇರುತ್ತದೆ ಅಲ್ವಾ? ಸುಣ್ಣ ಬಳಿದಿದ್ದಕ್ಕೂ ಪತ್ರಕ್ಕೂ ಸಂಬಂಧವೇ ಇಲ್ಲ. ಡಿಸ್ಕನ್ನೇ ಬಿಚ್ಚಿ ಹೊಸ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ.

ಹಾಗಾದರೆ ಲಾಕ್ ಎಲ್ಲಿರುತ್ತದೆ? ಕೆಲವು ಲಾಕ್‌ಗಳು ಬೋರ್ಡಿನ ಮೇಲೆ. ಬಯೋಸ್ ಅಂದರೆ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ. ಅದರ ಪಾಸ್‌ವರ್ಡ್, ಅದರಲ್ಲೂ ಸೂಪರ್‌ವೈಸರ್ ಪಾಸ್‌ವರ್ಡ್ ಅನ್ನುವುದು, ಮದರ್‌ಬೋರ್ಡಿನ ಚಿಪ್ಪಿನೊಳಗೆ ಇರುತ್ತದೆ. "ಒಳಗಿರೋ ಚಿಕ್ಕ ಸೆಲ್ ತೆಗೆದು ಹಾಕಿದ್ರೆ ಹೋಗುತ್ತಂತಲ್ಲ" ಅಂತ ಕೇಳುವವರು ಬಹಳ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಹೋಗುತ್ತಿತ್ತು, ನಿಜ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ, ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ ಅದನ್ನು ಇಟ್ಟಿರುತ್ತಾರೆ. ಲೆನೊವೊದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳ ಯೂಸರ್ ಗೈಡ್‌ನಲ್ಲೇ ಬರೆದಿದ್ದಾರೆ, ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಬೋರ್ಡ್ ಬದಲಾಯಿಸಬೇಕು ಅಂತ. ಇದರಲ್ಲಿ ಮೋಸಹೋಗುವ ಒಂದು ಜಾಗ ಇದೆ. ಈ ಪಾಸ್‌ವರ್ಡ್ ಇದ್ದರೂ ಲ್ಯಾಪ್‌ಟಾಪ್ ಆರಾಮಾಗಿ ಆನ್ ಆಗುತ್ತದೆ, ವಿಂಡೋಸ್ ಓಪನ್ ಆಗುತ್ತದೆ. ಬಯೋಸ್ ಸೆಟ್ಟಿಂಗ್‌ಗೆ ಹೋಗಲು ನೋಡಿದಾಗ ಮಾತ್ರ ಕೇಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕೇಳುವುದೂ ಇಲ್ಲ, ಒಳಗೆ ಬಿಡುತ್ತದೆ, ಆದರೆ ಎಲ್ಲಾ ಆಯ್ಕೆಗಳೂ ಮಂಕಾಗಿ ಕಾಣುತ್ತವೆ, ಒಂದನ್ನೂ ಬದಲಿಸಲು ಆಗುವುದಿಲ್ಲ.

ಇನ್ನು ಕೆಲವು ಲಾಕ್‌ಗಳು ಲ್ಯಾಪ್‌ಟಾಪಿನಲ್ಲೇ ಇರುವುದಿಲ್ಲ, ದೂರದ ಸರ್ವರಿನಲ್ಲಿರುತ್ತವೆ. ಆ ಹುಡುಗಿಗೆ ಆಗಿದ್ದು ಇದೇ. ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನು ಕಂಪನಿಯವರು ಆಟೋಪೈಲಟ್ ಅನ್ನುವ ವ್ಯವಸ್ಥೆಗೆ ಸೇರಿಸಿರುತ್ತಾರೆ. ಆ ಯಂತ್ರದ ಗುರುತು ಮೈಕ್ರೋಸಾಫ್ಟ್ ಸರ್ವರಿನಲ್ಲಿ ಆ ಕಂಪನಿಯ ಹೆಸರಿನ ಕೆಳಗೆ ಕೂತಿರುತ್ತದೆ. ಹೊಸದಾಗಿ ಸೆಟಪ್ ಮಾಡುವಾಗ ನೆಟ್ ಸಿಕ್ಕಿದ ಕೂಡಲೇ ಲ್ಯಾಪ್‌ಟಾಪ್ ಹೋಗಿ ನಾನು ಯಾರದು ಅಂತ ಕೇಳುತ್ತದೆ, ಸರ್ವರ್ ಆ ಕಂಪನಿಯ ಹೆಸರು ಹೇಳುತ್ತದೆ. ಆ್ಯಪಲ್‌ನಲ್ಲೂ ಕಂಪನಿ ಮತ್ತು ಶಾಲೆಗಳಿಗೆ ಇಂಥದೇ ವ್ಯವಸ್ಥೆ ಇದೆ, ರಿಮೋಟ್ ಮ್ಯಾನೇಜ್‌ಮೆಂಟ್ ಅನ್ನುವ ಪರದೆ ಬಂದು ನಿಲ್ಲುತ್ತದೆ. ಜೊತೆಗೆ ಸಾಮಾನ್ಯ ಬಳಕೆದಾರರ ಆ್ಯಕ್ಟಿವೇಷನ್ ಲಾಕ್. 2018ರಿಂದ ಬಂದ ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ, 2020ರ ಕೊನೆಗೆ ಶುರುವಾದ ಎಂ1 ಚಿಪ್‌ನ ಮತ್ತು ನಂತರದವುಗಳಲ್ಲಿ, ಹಳೆಯ ಮಾಲೀಕರು ಕಳೆದುಹೋದರೆ ಹುಡುಕಲು ಇರುವ ಫೈಂಡ್ ಮೈ ಅನ್ನುವುದನ್ನು ಆನ್ ಇಟ್ಟೇ ಮಾರಿದ್ದರೆ, ಡಿಸ್ಕ್ ಅಳಿಸಿದ ಮೇಲೆ ಅವರ ಪಾಸ್‌ವರ್ಡ್ ಕೇಳುತ್ತದೆ. ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ.

ಆ ಹುಡುಗಿಯ ಲ್ಯಾಪ್‌ಟಾಪ್ ಎರಡು ತಿಂಗಳು ಹೇಗೆ ನಡೆಯಿತು ಹಾಗಾದರೆ? ಇದನ್ನೇ ಎಲ್ಲರೂ ಕೇಳುವುದು, ಇದನ್ನೇ ಯಾರೂ ಅರ್ಥ ಮಾಡಿಕೊಳ್ಳದಿರುವುದು. ಮಾರಿದವನು ನೆಟ್ ಇಲ್ಲದೆ ಸೆಟಪ್ ಮಾಡಿ ಕೊಟ್ಟಿದ್ದಾನೆ. ಸೆಟಪ್ ಹೊತ್ತಿನಲ್ಲಿ ನೆಟ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಸರ್ವರನ್ನು ಕೇಳಲು ಆಗುವುದಿಲ್ಲ. ಒಂದು ಸಲ ಡೆಸ್ಕ್‌ಟಾಪ್ ಬಂದುಬಿಟ್ಟರೆ ಆಮೇಲೆ ನೆಟ್ ಹಾಕಿದರೂ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಮುಂದಿನ ಸಲ ರೀಸೆಟ್ ಮಾಡುವವರೆಗೆ. ಅಂದರೆ ಆ ಲ್ಯಾಪ್‌ಟಾಪ್ ಸರಿ ಇದೆ ಅಂತ ಅನ್ನಿಸಿದ ಆ ಎರಡು ತಿಂಗಳೂ ಅದು ಲಾಕ್ ಆಗಿಯೇ ಇತ್ತು. ಆನ್ ಆಗುತ್ತೆ, ಯೂಟ್ಯೂಬ್ ಓಡುತ್ತೆ, ಕೀಬೋರ್ಡ್ ಸರಿ ಇದೆ ಅಂತ ನೋಡಿ ದುಡ್ಡು ಕೊಡುವವರಿಗೆ ಇದು ಕಾಣುವುದೇ ಇಲ್ಲ.

ಆದ್ದರಿಂದ ದಯವಿಟ್ಟು ಹೀಗೆ ಮಾಡಿ. ಮಾರುವವರ ಎದುರಿಗೇ ಕೂತು, ದುಡ್ಡು ಕೊಡುವ ಮೊದಲು, ಆ ಲ್ಯಾಪ್‌ಟಾಪನ್ನು ಹೊಚ್ಚ ಹೊಸದರಂತೆ ಸೆಟಪ್ ಮಾಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ, ಸೆಟಪ್ ಶುರುವಾದಾಗಲೇ ಕನೆಕ್ಟ್ ಮಾಡಿ. ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿ, ಅಲ್ಲಿ ರೀಸೆಟ್, ಎಲ್ಲವನ್ನೂ ತೆಗೆ ಅನ್ನುವ ಆಯ್ಕೆ. ಮ್ಯಾಕ್ ಆದರೆ ಎರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್, ಅದು ಹಳೆಯ ಮಾಲೀಕರ ಆ್ಯಪಲ್ ಪಾಸ್‌ವರ್ಡನ್ನು ಅಲ್ಲೇ ಕೇಳುತ್ತದೆ, ಅವರೇ ಟೈಪ್ ಮಾಡಲಿ. ಡೆಸ್ಕ್‌ಟಾಪ್ ನಿಮ್ಮ ಹೆಸರಲ್ಲಿ ಓಪನ್ ಆಗುವವರೆಗೂ ಏಳಬೇಡಿ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆಗಬಹುದು, ನಿಧಾನದ ಡಿಸ್ಕ್ ಇದ್ದರೆ ಇನ್ನೂ ಜಾಸ್ತಿ. ರೀಸೆಟ್‌ಗೆ ಮುಂಚೆ ಒಂದು ಸಲ ಬಯೋಸ್ ಒಳಗೂ ಹೋಗಿ ನೋಡಿ. ಆನ್ ಮಾಡುವಾಗ ಎಫ್1, ಎಫ್2, ಎಫ್10 ಇಂಥ ಯಾವುದೋ ಒಂದು ಕೀ, ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲಿ ಅಸೆಟ್ ಟ್ಯಾಗ್ ಅಂತ ಒಂದು ಸಾಲು ಇದ್ದು ಅದರಲ್ಲಿ ಏನಾದರೂ ನಂಬರ್ ತುಂಬಿದ್ದರೆ, ಅದು ಯಾವುದೋ ಆಫೀಸಿನ ಯಂತ್ರವಾಗಿದ್ದಿರಬಹುದು. ಮೇಲಿನ ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದರೂ ಕೆಲವೊಮ್ಮೆ ಗೊತ್ತಾಗುತ್ತದೆ, ಸ್ಟಿಕರ್ ಕಿತ್ತ ಜಾಗದಲ್ಲಿ ಚೌಕಾಕಾರದ ಅಂಟಿನ ಗುರುತು ಉಳಿದಿರುತ್ತದೆ. ಆಫೀಸಿನದು ಅಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಆದರೆ ಅಂಥದ್ದಕ್ಕೆ ಈ ಪರೀಕ್ಷೆಯನ್ನು ಬಿಡಲೇಬೇಡಿ.

"ಪಾಸ್‌ವರ್ಡ್ ಆಮೇಲೆ ಕಳಿಸ್ತೀನಿ" ಅಂದರೆ ಎದ್ದು ಬನ್ನಿ. "ಅವಸರ ಇದೆ, ನಾನು ಆಗಲೇ ಫಾರ್ಮ್ಯಾಟ್ ಮಾಡಿದೀನಿ" ಅಂದರೂ, ಇನ್ನೊಂದು ಸಲ ಮಾಡೋಣ ಅನ್ನಿ, ಒಪ್ಪದಿದ್ದರೆ ಎದ್ದು ಬನ್ನಿ. "ಬೈಪಾಸ್ ಮಾಡಿಸಿದೀವಿ, ಏನೂ ತೊಂದರೆ ಇಲ್ಲ" ಅನ್ನುವವರೂ ಇದ್ದಾರೆ. ಬೈಪಾಸ್ ಅಂದರೆ ಲಾಕ್ ಹೋಗಿಲ್ಲ, ಮುಚ್ಚಿಟ್ಟಿದ್ದಾರೆ ಅಷ್ಟೇ. ನನ್ನ ಹತ್ತಿರವೂ ಬೈಪಾಸ್ ಮಾಡಿಕೊಡಿ ಅಂತ ಕೇಳಿಕೊಂಡು ಬರುತ್ತಾರೆ, ನಾನು ಮಾಡುವುದಿಲ್ಲ. ಎದುರು ನಿಂತವರು ಒಳ್ಳೆಯವರೇ ಇರಬಹುದು. ಆದರೆ ಯಂತ್ರ ಯಾರದು ಅಂತ ನನಗೆ ಗೊತ್ತಿಲ್ಲವಲ್ಲ. ಎಲ್ಲೋ ಒಬ್ಬರು ಅದನ್ನು ಕಳಕೊಂಡು ಹುಡುಕುತ್ತಿರಬಹುದು.

ಬಿಲ್‌ನ ವಿಷಯ ಬಾಕ್ಸಿನಂತಲ್ಲ, ಅದು ಇದ್ದರೆ ಉಪಯೋಗ ಇದೆ. ಆ್ಯಕ್ಟಿವೇಷನ್ ಲಾಕ್ ತೆಗೆಸಲು ಆ್ಯಪಲ್‌ಗೆ ಅರ್ಜಿ ಹಾಕಬೇಕಾದರೆ ಖರೀದಿಯ ದಾಖಲೆ ಬೇಕು. ಬಯೋಸ್ ಪಾಸ್‌ವರ್ಡಿಗೆ ಸಹಾಯ ಮಾಡುವ ಕಂಪನಿಗಳೂ ಮೊದಲು ಕೇಳುವುದು ನೀವೇ ಮಾಲೀಕರು ಅನ್ನುವುದಕ್ಕೆ ಪುರಾವೆ. ಬಿಲ್ ಕಳೆದುಹೋಗಿದೆ ಅಂದರೆ ಅಲ್ಲಿಗೇ ಬಿಡಬೇಡಿ. ಮಾರುವವರು ಅದನ್ನು ಆನ್‌ಲೈನಿನಲ್ಲಿ ತಗೊಂಡಿದ್ದರೆ ಅವರ ಇಮೇಲ್‌ನಲ್ಲಿ ಇನ್‌ವಾಯ್ಸ್ ಸಾಮಾನ್ಯವಾಗಿ ಇರುತ್ತದೆ, ಹುಡುಕಿಸಿ. ತಯಾರಕರ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ ಬಹುಪಾಲು ಕಂಪನಿಗಳು ವಾರಂಟಿ ತಾರೀಖು ತೋರಿಸುತ್ತವೆ. ಹೋದ ವರ್ಷ ತಗೊಂಡೆ ಅಂತಾರೆ, ವಾರಂಟಿ ಮುಗಿದು ನಾಲ್ಕು ವರ್ಷ ಆಗಿರುತ್ತದೆ, ಹಾಗಿದ್ದರೆ ಮಾತು ಮತ್ತು ಯಂತ್ರ ತಾಳೆಯಾಗುತ್ತಿಲ್ಲ ಅಂತ. ಅಡಿಯಲ್ಲಿರುವ ನಂಬರನ್ನು ಬಯೋಸ್ ಒಳಗಿನ ನಂಬರಿನ ಜೊತೆ ಹೋಲಿಸಿ. ಬೇರೆ ಬೇರೆ ಇದ್ದರೆ ಬೋರ್ಡೋ ಕೆಳಗಿನ ಕವರೋ ಬದಲಾಗಿದೆ. ರಿಪೇರಿಯಲ್ಲಿ ಬದಲಾಗಿರಬಹುದು, ಆದರೆ ಯಾಕೆ ಅಂತ ಕೇಳಿ.

ಏನೂ ಸಿಗದಿದ್ದರೆ ಒಂದು ಹಾಳೆಯ ಮೇಲೆ ಮಾಡೆಲ್, ಸೀರಿಯಲ್ ನಂಬರ್, ತಾರೀಖು, ಕೊಟ್ಟ ಹಣ, ಇಬ್ಬರ ಹೆಸರು, ಫೋನ್ ನಂಬರ್, ಸಹಿ. ಇಬ್ಬರಿಗೂ ಒಂದೊಂದು ಪ್ರತಿ. ಗುರುತಿನ ಚೀಟಿ ತೋರಿಸಲು ಹೇಳಿ. ನಾನು ವಕೀಲನಲ್ಲ, ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆದರೆ ಕದ್ದ ಮಾಲನ್ನು ದುಡ್ಡು ಕೊಟ್ಟು ತಗೊಂಡೆ ಅನ್ನುವುದರಿಂದಲೇ ಅದು ನಿಮ್ಮದಾಗುವುದಿಲ್ಲ ಅನ್ನುವುದು ಬಹುತೇಕ ಎಲ್ಲ ಕಡೆಯೂ ಇರುವ ಮಾತು. ಆ ಹಾಳೆ ನಿಮ್ಮನ್ನು ಪೂರ್ತಿ ಕಾಪಾಡುತ್ತದೆ ಅಂತ ಹೇಳಲಾರೆ, ಆದರೆ ಬರೆದುಕೊಡಿ ಅಂದಾಗ ಎದುರಿನವರು ಹೇಗೆ ಮಾತಾಡುತ್ತಾರೆ ನೋಡಿ, ಅದರಲ್ಲೇ ಬಹಳ ಗೊತ್ತಾಗುತ್ತದೆ.

ಬ್ಯಾಟರಿ, ಹಿಂಜ್, ಸ್ಕ್ರೀನ್, ಪೋರ್ಟ್ ಇದನ್ನೆಲ್ಲಾ ನೀವು ಹೇಗೂ ನೋಡುತ್ತೀರಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಮಾತ್ರ ಹುಷಾರು, ಅಡಿಯಲ್ಲಿ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಚಾರ್ಜಿಗೆ ಹಾಕಬೇಡಿ.

ಆ ಹುಡುಗಿಯ ಕಥೆ ಹೇಳಿ ಮುಗಿಸಬೇಕಲ್ಲ. ಮಾರಿದವನ ಫೋನ್ ಸ್ವಿಚ್ ಆಫ್. ಪರದೆಯ ಮೇಲಿದ್ದ ಕಂಪನಿಗೇ ಇಮೇಲ್ ಬರಿ, ಸೀರಿಯಲ್ ನಂಬರ್ ಹಾಕು, ಎಲ್ಲಿ ತಗೊಂಡೆ ಅಂತ ಇದ್ದದ್ದು ಇದ್ದ ಹಾಗೇ ಬರಿ ಅಂದೆ. ಲ್ಯಾಪ್‌ಟಾಪ್ ಕದ್ದದ್ದೇ ಆಗಿದ್ದರೆ ವಾಪಸ್ ಕೊಡಬೇಕಾಗಬಹುದು ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ನನ್ನ ಟೇಬಲ್ ಮೇಲೇ ಬರೆದಳು. ಹದಿನೆಂಟು ದಿನ ಆದಮೇಲೆ ಉತ್ತರ ಬಂತು. ಅವರೇ ಲಾಟ್‌ನಲ್ಲಿ ಮಾರಿದ್ದ ಯಂತ್ರ, ಪಟ್ಟಿಯಿಂದ ತೆಗೆಯಲು ಮರೆತಿದ್ದರಂತೆ, ಈಗ ತೆಗೆದಿದ್ದೇವೆ ಅಂತ. ಅಷ್ಟು ದಿನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ರಾತ್ರಿ ಹೊತ್ತು ಪ್ರಾಜೆಕ್ಟ್ ಬರೆದಿದ್ದಾಳೆ. ತಂದಳು, ಮತ್ತೆ ರೀಸೆಟ್ ಮಾಡಿದೆವು, ಹಾಟ್‌ಸ್ಪಾಟ್ ಅವಳದೇ. ಕಂಪನಿಯ ಲೋಗೋ ಬರಲಿಲ್ಲ. ನಿಮ್ಮ ಹೆಸರೇನು ಅಂತ ಕೇಳಿತು. ಅವಳು ತನ್ನ ಹೆಸರು ಟೈಪ್ ಮಾಡಿ, ಸ್ಪೆಲ್ಲಿಂಗ್ ಇನ್ನೊಂದು ಸಲ ನೋಡಿಕೊಂಡು ಎಂಟರ್ ಒತ್ತಿದಳು.